ಬಾಗಿಲ ಒಳಗಿನ ಉಸಿರು

ಬಿಜೈಯ ಫ್ಲ್ಯಾಟೊಂದರ ಮೆಟ್ಟಿಲಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಕಿನ್ನಿ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗಿನ ಎರಡೂ ಹೊಳ್ಳೆಗಳಿಗೆ ಉಪ್ಪುನೀರಿನ ಹನಿ ಬಿಟ್ಟುಕೊಳ್ಳುತ್ತಾರೆ. ಬಾಯಿ ಮುಚ್ಚಿ ಉಸಿರಾಡಿ ನೋಡುತ್ತಾರೆ. ಸದ್ದಿಲ್ಲ. ಆಮೇಲೆಯೇ ಸೆರಗು ಸಿಕ್ಕಿಸಿ ಒಳಗೆ ಹೋಗುತ್ತಾರೆ. ಕೋಣೆಯಲ್ಲಿ, ನಿನ್ನೆ ತೀರಿಕೊಂಡ ಕುಶಲಾ ಅವರನ್ನು ಫ್ರೀಜರ್ ಪೆಟ್ಟಿಗೆಯಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿದ್ದಾರೆ.

ಕಾವೂರಿನ ಕಿನ್ನಿಗೆ ಐವತ್ತಮೂರು ವರ್ಷ. ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ, ತಲೆ ಬಾಚಿ, ಸೀರೆ ಉಡಿಸುವುದು ಇವರ ಕೆಲಸ. ಹಿಂದೆ ನೆರೆಯ ಹೆಂಗಸರು ಸೇರಿ ಮಾಡುತ್ತಿದ್ದ ಈ ಕೆಲಸ ಗೊತ್ತಿರುವವರು ಫ್ಲ್ಯಾಟುಗಳಲ್ಲಿ ಕಡಿಮೆ. ವಾರಕ್ಕೆ ಎರಡೋ ಮೂರೋ ಕರೆ ಬರುತ್ತವೆ. ಕಳೆದ ವರ್ಷ ತೀರಿಕೊಂಡ ನನ್ನ ತಂಗಿಯ ಜಡೆ ಹೆಣೆದು ಕಳುಹಿಸಿಕೊಟ್ಟವರೂ ಇವರೇ. ಶಾಲೆಯಲ್ಲಿ ಟೀಚರಾಗಿರುವ ನಾನು ಇವರ ಬಗ್ಗೆ ಬರೆಯಲೆಂದು, ಮನೆಯವರ ಒಪ್ಪಿಗೆ ಪಡೆದು ಇಂದು ಒಳಗಿದ್ದೇನೆ.

ಎರಡು ವರ್ಷಗಳ ಹಿಂದೆ ಈ ಕೆಲಸ ಕೈತಪ್ಪುವುದರಲ್ಲಿತ್ತು. ಉಳ್ಳಾಲದ ಒಂದು ಮನೆಯಲ್ಲಿ ಬಾಗಿಲು ಮುಚ್ಚಿ ತೀರಿಕೊಂಡವರ ಮೈ ಒರೆಸುತ್ತಿದ್ದಾಗ, ಹೊರಗಿದ್ದ ಅವರ ಮಕ್ಕಳಿಗೆ ಸಣ್ಣ ಶಿಳ್ಳೆಯಂಥ ಉಸಿರು ಕೇಳಿಸಿತು. ಅವರು ಒಳಗೆ ನುಗ್ಗಿ ತಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಜೀವವಿಲ್ಲವೆಂದು ವೈದ್ಯರು ಮತ್ತೊಮ್ಮೆ ಹೇಳಿದಾಗ ಎರಡನೇ ಸಲ, ಮೊದಲಿನಿಂದ ಅತ್ತರು.

“ಹೆಣ ಹೋದ ಮೇಲೂ ಕೋಣೆಯಲ್ಲಿ ಉಸಿರು ಕೇಳ್ತಾ ಇತ್ತು ಟೀಚರೇ,” ಎನ್ನುತ್ತಾರೆ ಕಿನ್ನಿ. “ನಾನೊಬ್ಬಳೇ ಇದ್ದದ್ದು. ಹೆದರಿ ಉಸಿರು ಬಿಗಿ ಹಿಡಿದೆ. ಅದೂ ನಿಂತಿತು.”

ಆಮೇಲೆ ಕೆಲವು ತಿಂಗಳು ಯಾರೂ ಕರೆಯಲಿಲ್ಲ. ಕಿನ್ನಿಗೆ ಮೂಗು ಒಣಗುವುದು, ಬೆಳಿಗ್ಗೆ ರಕ್ತದ ಕಲೆ ಕಾಣುವುದು, ದಾರಿ ತೆರೆದಿದ್ದರೂ ಕಟ್ಟಿದಂತಾಗುವುದು ಮೊದಲೇ ಇತ್ತು. “ಕುಕ್ಕರ್ ಕೂಗಿತು, ಗ್ಯಾಸ್ ಆಫ್ ಮಾಡು ಮಾರಾಯ್ತಿ,” ಎಂದು, ರಾತ್ರಿ ಮೂಗು ಶಿಳ್ಳೆ ಹೊಡೆದಾಗ, ಗಂಡ ಮಾಯಿಲಪ್ಪ ತಮಾಷೆ ಮಾಡುತ್ತಿದ್ದರಂತೆ. ಕೊನೆಗೆ ಮೂಗು ತೋರಿಸಲು ಹೋದಲ್ಲಿ ಡಾಕ್ಟರಮ್ಮ, ಮುಟ್ಟು ನಿಂತು ಎಷ್ಟು ಕಾಲವಾಯಿತೆಂದು ಕೇಳಿದಾಗ ಕಿನ್ನಿಗೆ ನಗು ಬಂತು. “ಮೂಗಿಗೂ ಅದಕ್ಕೂ ಎಂತ ಸಂಬಂಧ ಉಂಟು ಡಾಕ್ಟ್ರೇ?”

ಸಂಬಂಧ ಉಂಟೆಂದೇ ಅವರು ಹೇಳಿದರು. ಆ ವಯಸ್ಸಿನಲ್ಲಿ ಹಾರ್ಮೋನು ಇಳಿದಾಗ ಕೆಲವರ ಮೂಗಿನ ಒಳಪದರವೂ ತೆಳ್ಳಗಾಗಿ ಒಣಗುತ್ತದೆ. ಹಕ್ಕಳೆ ಕಟ್ಟಿದ ಕಡೆ ಗಾಳಿ ಸದ್ದು ಮಾಡಬಹುದು. ಹನಿ ಬರೆದುಕೊಟ್ಟು, ತಣ್ಣಗಿನ ಒಣ ಗಾಳಿಯಿಂದ ದೂರವಿರಿ ಎಂದರು. ಆದರೆ ಈಗ ಸಾವಿನ ಮನೆಗಳಲ್ಲೆಲ್ಲ ಎಸಿ ಓಡುತ್ತಿರುತ್ತದೆ. ಉಳ್ಳಾಲದಂತೆ ಇನ್ನೊಮ್ಮೆ ಆಗಬಾರದೆಂಬ ಭಯ ಕಿನ್ನಿಯವರನ್ನು ಬಿಟ್ಟಿಲ್ಲ.

ಇಂದೂ ಅರ್ಧ ಕೆಲಸವಾಗುವಾಗ ಆ ಸದ್ದು ಹುಟ್ಟುತ್ತದೆ. ತೆಳ್ಳಗೆ, ನಿದ್ದೆಯಲ್ಲಿರುವವರ ಉಸಿರಿನಂತೆ. ಚೆಂಬು ಹಿಡಿದು ನಿಂತ, ಕುಶಲಾ ಅವರ ಮಗಳು ಮನ್ವಿತಾ ತಾಯಿಯ ಮುಖವನ್ನೇ ನೋಡುತ್ತಾಳೆ. ಕುಶಲಾ ಅವರ ತುಟಿ ಅಲುಗಿದಂತೆ ನನಗೂ ಕಾಣುತ್ತದೆ. ದೇವರ ಹೆಸರು ನನ್ನ ನಾಲಿಗೆಯಲ್ಲೇ ನಿಲ್ಲುತ್ತದೆ.

ಕಿನ್ನಿ ತಮ್ಮ ಮೂಗನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಕೋಣೆ ನಿಶ್ಶಬ್ದವಾಗುತ್ತದೆ.

“ಅಮ್ಮ ಅಲ್ಲ ಮಗಾ. ನನ್ನ ಮೂಗು.”

ಮನ್ವಿತಾ ಅಳುವುದಿಲ್ಲ. ಮೆಲ್ಲಗೆ ಕೇಳುತ್ತಾಳೆ: “ಕೈ ತೆಗಿರಿ ಅಕ್ಕ. ಆ ಉಸಿರು ಸ್ವಲ್ಪ ಹೊತ್ತು ಕೇಳ್ಲಿ.”

ಕಿನ್ನಿ ಕೈ ತೆಗೆಯುವುದಿಲ್ಲ. ಬಾಯಿಯಿಂದ ಉಸಿರಾಡುತ್ತ, ಇನ್ನೊಂದು ಕೈಯಿಂದಲೇ ಅರಿಶಿನ ಹಚ್ಚಿ ಮುಗಿಸುತ್ತಾರೆ. ಸೀರೆಯ ನೆರಿಗೆ ಹಿಡಿಯಲು ಮನ್ವಿತಾಳನ್ನೇ ಕರೆಯುತ್ತಾರೆ.

ಹೊರಗೆ ಬಂದ ಮೇಲೆ, ಆ ಹುಡುಗಿಯ ಮಾತನ್ನು ಏಕೆ ನಡೆಸಿಕೊಡಲಿಲ್ಲವೆಂದು ಕೇಳುತ್ತೇನೆ. ಕಿನ್ನಿ ಕೈ ಒರೆಸಿಕೊಳ್ಳುತ್ತಾರೆ.

“ಉಸಿರು ಕೊಡುವುದು ದೇವರ ಕೆಲಸ ಟೀಚರೇ. ನಾನು ಕೊಟ್ಟ ಹಾಗೆ ಮಾಡ್ಬಾರ್ದು. ನಾನು ತೀರಿ ಹೋದಾಗ ನನ್ನನ್ನು ತೊಳೆಯುವವಳ ಮೂಗು ಸುಮ್ಮನಿದ್ರೆ ಸಾಕು. ನನ್ನ ಮಗ ಒಂದೇ ಸಲ ಅಳ್ಲಿ.”