ಮದ್ರಾಸಿನ ವಿಮಾನ ಏಳುವ ಮುಂಚೆ

ಹೈದರಾಬಾದಿನ ದಾರಿಯಲ್ಲಿ, ಶಾದ್‌ನಗರ ಇನ್ನೂ ಮುಂದಿರುವಾಗಲೇ ಬಸ್ಸು ಪಂಕ್ಚರ್ ಆಗಿ ನಿಂತಿತು. ಕನಕಮ್ಮ ಕೆಳಗಿಳಿದು, ಡ್ರೈವರ್ ಗಾಲಿಯ ಬೋಲ್ಟು ಬಿಚ್ಚುವುದನ್ನೇ ನೋಡುತ್ತ ನಿಂತಳು. ಕೈಯಲ್ಲಿ ಗಡಿಯಾರವಿಲ್ಲ. ಪಕ್ಕದಲ್ಲಿ ಬೀಡಿ ಸೇದುತ್ತಿದ್ದವನನ್ನು ಮೂರು ಸಲ ಗಂಟೆ ಕೇಳಿದಳು. ಮೂರನೆಯ ಸಲ ಅವನು ಬೀಡಿ ಬಿಸಾಡಿ ಬಸ್ಸಿನ ಆಚೆ ಬದಿಗೆ ಹೋದ.

ಅದು ಎಂಬತ್ನಾಲ್ಕರ ಡಿಸೆಂಬರ್. ಮಾನ್ವಿಯಲ್ಲಿ ಡಾಕ್ಟರ್ ಅಬ್ದುಲ್ ವಹೀದ್ ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ಕನಕಮ್ಮ ಆಯಾ. ಯಾಪಲದಿನ್ನಿಯ ಕೂಲಿ ಮನೆತನದಲ್ಲಿ ಹುಟ್ಟಿದವಳು. ಮದುವೆಯಾದ ಹೊಸತರಲ್ಲಿ ಗಂಡ ಮೌನಪ್ಪನ ಜೊತೆ ಹೈದರಾಬಾದಿಗೆ ಹೋಗಿ ಎರಡು ವರ್ಷ ಕಟ್ಟಡಗಳಿಗೆ ಗಾರೆ ಹೊತ್ತಿದ್ದಳು. ಅಲ್ಲಿಯೇ, ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದು ಮೌನಪ್ಪ ತೀರಿಕೊಂಡ. ಆಕೆ ಪೋತ್ನಾಳದ ಅಕ್ಕನ ಮನೆ ಸೇರಿದಳು. ಎಪ್ಪತ್ತೇಳರಿಂದ ದಿನವೂ ಮಾನ್ವಿಗೆ ಹೋಗಿಬಂದು ದವಾಖಾನೆಯ ಕೆಲಸ ಮಾಡುತ್ತಿದ್ದಳು. ಓದು ಬರಹ ಬಾರದು. ಆದರೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ನಾಲಿಗೆಯ ಮೇಲಿದ್ದವು.

ಎರಡು ದಿನದ ಹಿಂದೆ ಸಿರವಾರದ ಅಕ್ಕಿ ಗಿರಣಿಯ ಮಾಲೀಕ, ದೊಡ್ಡಪ್ಪ ಎಂಬವನು, ತನ್ನ ಐದು ವರ್ಷದ ಮಗಳು ಬಸವಂತಮ್ಮನನ್ನು ಜೀಪಿನಲ್ಲಿ ಕರೆತಂದಿದ್ದ. ಕೂಸಿನ ಕತ್ತು ಊದಿತ್ತು. ಗಂಟಲೊಳಗೆ ಬೂದು ಬಣ್ಣದ ಪೊರೆ. ಡಾಕ್ಟರು ಟಾರ್ಚ್ ಹಿಡಿದು ನೋಡಿದವರೇ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಎಂದರು. ಅದಕ್ಕೆ ಬೇಕಾದ ಸೀರಮ್ ಅವರು ವಿಚಾರಿಸಿದ ಯಾವ ಔಷಧ ಅಂಗಡಿಯಲ್ಲೂ ಸಿಗಲಿಲ್ಲ. ರಾತ್ರಿಯೆಲ್ಲ ಟ್ರಂಕ್ ಕಾಲ್ ಹಚ್ಚಿ, ಕೊನೆಗೆ ಮುಂಬೈಯಲ್ಲಿದ್ದ ತಮ್ಮ ಸಹಪಾಠಿಯನ್ನು ಹಿಡಿದರು. ಸಹಪಾಠಿಯ ನೆರೆಮನೆಯ ಜಿಲಾನಿ ಪಾಷಾ ಎಂಬ ಚರ್ಮದ ವ್ಯಾಪಾರಿ ಮರುದಿನ ಮದ್ರಾಸಿಗೆ ಹೊರಟಿದ್ದ. ಹೈದರಾಬಾದಿನಲ್ಲಿ ಇಳಿದು ಬೇರೆ ವಿಮಾನ ಹತ್ತುವವ. ಹತ್ತಕ್ಕೆ ಇಳಿಯುತ್ತಾನೆ, ಹನ್ನೊಂದೂ ಮುಕ್ಕಾಲಕ್ಕೆ ಹೋಗುತ್ತಾನೆ. ನಡುವೆ ಯಾರಾದರೂ ಹೋಗಿ ಅವನ ಕೈಯಿಂದ ಔಷಧ ಇಸಿದುಕೊಳ್ಳಬೇಕು.

ಡಾಕ್ಟರು ಕೂಸನ್ನು ಬಿಟ್ಟು ಕದಲುವಂತಿರಲಿಲ್ಲ. ಕಂಪೌಂಡರ್ ಗಡಿಗೆಪ್ಪ ಹೈದರಾಬಾದನ್ನು ಕಂಡವನೇ ಅಲ್ಲ.

"ನಾ ಹೋಗ್ತೀನ್ರಿ ಸಾಹೇಬ್ರ," ಎಂದಿದ್ದಳು ಕನಕಮ್ಮ.

"ಏರ್‌ಪೋರ್ಟಿನಾಗ ಹೋಗಿ ಬಂದೀಯೇನು?"

"ಹೊರಗಿಂದ ನೋಡೀನ್ರಿ. ಅದರ ಮುಂದಿನ ರಸ್ತೇಕ ಖಡಿ ಕಲ್ಲು ಹೊತ್ತೀನಿ."

ಡಾಕ್ಟರು ಜಿಲಾನಿ ಪಾಷಾನ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟರು. ಔಷಧ ಫ್ಲಾಸ್ಕಿನಲ್ಲಿ ಬರುತ್ತದೆ, ಐಸು ಕರಗಿದರೆ ಹೊಸದು ಹಾಕು, ಶೀಶೆಗೆ ಐಸು ನೇರ ತಾಗಬಾರದು, ಬಟ್ಟೆ ಸುತ್ತು ಎಂದು ಎರಡು ಸಲ ಹೇಳಿದರು. ದೊಡ್ಡಪ್ಪನ ಜೀಪು ಆಕೆಯನ್ನು ರಾಯಚೂರಿಗೆ ಬಿಟ್ಟಿತು. ಬೆಳಗಿನ ಐದರ ಬಸ್ಸು ಹಿಡಿದಳು.

ಅದೇ ಬಸ್ಸು ಈಗ ದಾರಿಯಲ್ಲಿ ನಿಂತಿತ್ತು. ಗಾಲಿ ಬದಲಾಗಿ ಹೈದರಾಬಾದಿನ ಗೌಳಿಗುಡ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಹತ್ತೂ ಮುಕ್ಕಾಲು. ಬೇಗಂಪೇಟೆಯ ವಿಮಾನ ನಿಲ್ದಾಣದ ಮುಂದೆ ಆಟೋ ಇಳಿದಾಗ ಬಾಗಿಲ ಮೇಲಿನ ಗಡಿಯಾರದ ದೊಡ್ಡ ಮುಳ್ಳು ಎರಡನ್ನು ದಾಟಿತ್ತು. ಗಡಿಯಾರ ನೋಡುವುದನ್ನು ದವಾಖಾನೆಯಲ್ಲಿ ಕಲಿತಿದ್ದಳು: ಹನ್ನೊಂದೂ ಹತ್ತು ಮೀರಿತ್ತು.

ಬಾಗಿಲಲ್ಲಿ ಪೊಲೀಸಿನವನು ಕೋಲು ಅಡ್ಡ ಹಿಡಿದ. "ಟಿಕೆಟ್?"

ಒಳಗೆ ಹೋಗಿ ಬರುವವರಿಗೂ ಟಿಕೆಟ್ ಇದೆ ಎಂದು ಆಗಲೇ ಆಕೆಗೆ ಗೊತ್ತಾದದ್ದು. ಟಿಕೆಟ್ ಕಿಟಕಿಯ ಮುಂದೆ ದೊಡ್ಡ ಸಾಲು. ದುಬೈಗೆ ಹೊರಟ ಯಾರನ್ನೋ ಮುಂಬೈ ವಿಮಾನ ಹತ್ತಿಸಲು ಮನೆಮಂದಿಯೆಲ್ಲ ಹಾರ ಹಿಡಿದು ಬಂದಿದ್ದರು. ಸಾಲಿನಲ್ಲಿದ್ದ ಹೆಂಗಸರಿಗೆ ಕೈಮುಗಿದು, ಕೂಸಿನ ಜೀವದ ಮಾತು ಎಂದು ದಖನಿಯಲ್ಲಿ ಹೇಳಿ ಮುಂದೆ ಹೋದಳು. ಒಬ್ಬಳು ಗೊಣಗಿದಳು, ಉಳಿದವರು ದಾರಿ ಬಿಟ್ಟರು.

ಒಳಗೆ ಕಾಲಿಟ್ಟರೆ ನೆಲ ನುಣ್ಣಗೆ, ಸವೆದ ಚಪ್ಪಲಿ ಜಾರುತ್ತಿತ್ತು. ಎಲ್ಲ ಕಡೆ ಬೋರ್ಡುಗಳು, ಆಕೆಗೆ ಒಂದೂ ದಾರಿ ತೋರಿಸದವು. ಸೂಟ್‌ಕೇಸು ತಳ್ಳುವವರ ಹಿಂದೆ ಹೋದರೆ ಅದು ಸಾಮಾನು ತೂಗುವ ಜಾಗ. ಅಲ್ಲಿದ್ದವನು ತಲೆಯೆತ್ತದೆ ಕೈ ಬೀಸಿ ಆಚೆ ಎಂದ. ಆಚೆ ಹೋದರೆ ಮುಂಬೈಯಿಂದ ಬಂದವರು ಹೊರಬೀಳುವ ಬಾಗಿಲು. ಅಲ್ಲಿ ನರಪಿಳ್ಳೆ ಇರಲಿಲ್ಲ. ಎಲ್ಲರೂ ಹೊರಟುಹೋಗಿ ಒಂದು ತಾಸಾಗಿತ್ತು.

ಕನಕಮ್ಮ ಸುತ್ತ ನೋಡಿದಳು. ಗೋಡೆಯ ಬದಿಗೆ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತು ನೆಲ ಒರೆಸುತ್ತಿದ್ದಳು. ಕನಕಮ್ಮ ಅವಳ ಹತ್ತಿರ ಕೂತು ತೆಲುಗಿನಲ್ಲಿ ಕೇಳಿದಳು. ಆಕೆ ಬಟ್ಟೆ ಹಿಂಡುತ್ತಲೇ ಎಲ್ಲ ಬಿಡಿಸಿ ಹೇಳಿದಳು: ಮದ್ರಾಸಿನವರು ಆ ಕೊನೆಯ ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಒಳಗೆ ಹೋದವರು ಮತ್ತೆ ಹೊರಗೆ ಬರುವುದಿಲ್ಲ, ಆ ಬಾಗಿಲಿನ್ನೂ ತೆರೆದಿಲ್ಲ, ಬಾಗಿಲ ಎದುರಿಗೆ ಮೈಕಿನಲ್ಲಿ ಕೂಗುವ ಹುಡುಗಿ ಇದ್ದಾಳೆ, ಅವಳಿಗೆ ಹೇಳು.

ಕನಕಮ್ಮ ಓಡುನಡಿಗೆಯಲ್ಲಿ ಹೋದಳು. ಬಾಗಿಲ ಮುಂದೆ ಆಗಲೇ ಐವತ್ತು ಅರವತ್ತು ಜನ ನೆರೆದಿದ್ದರು. ಅವರ ನಡುವೆ ಈ ತುದಿಯಿಂದ ಆ ತುದಿಗೆ ಫ್ಲಾಸ್ಕ್ ಹುಡುಕುತ್ತ ನಡೆದಳು. ಯಾರ ಕೈಯಲ್ಲೂ, ಯಾರ ಹೆಗಲಲ್ಲೂ ಫ್ಲಾಸ್ಕ್ ಇಲ್ಲ. ಸಫಾರಿ ತೊಟ್ಟ ದಪ್ಪನೆಯ ಒಬ್ಬ ಮನುಷ್ಯನಿಗೆ ಎರಡು ಸಲ ಎದುರಾದಳು. ಎರಡು ಸಲವೂ ಅವನು ಪಕ್ಕಕ್ಕೆ ಸರಿದು ಬಾಗಿಲ ಕಡೆ ನೋಡಿದ.

ಮೈಕಿನ ಹುಡುಗಿ ಚೀಟಿ ಓದಿ, "ಈ ಮೈಕು ಪ್ರಯಾಣಿಕರ ಕೆಲಸಕ್ಕೆ ಮಾತ್ರ," ಎಂದು ತೆಲುಗಿನಲ್ಲಿ ಹೇಳಿದಳು.

"ತಾಯಿ, ಐದು ವರ್ಷದ ಕೂಸು. ಉಸಿರು ಕಟ್ಟಾಕತ್ತದ," ಎಂದಳು ಕನಕಮ್ಮ. ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತು. ಅದನ್ನೇ ಮತ್ತೆ ತೆಲುಗಿನಲ್ಲಿ ಹೇಳಿ, ತನ್ನ ಗಂಟಲು ಹಿಡಿದು ತೋರಿಸಿದಳು. ಹುಡುಗಿ ಆಕೆಯ ಮುಖ ನೋಡಿ ಮೈಕು ಎಳೆದುಕೊಂಡಳು. ಜಿಲಾನಿ ಪಾಷಾ ಎಂಬ ಹೆಸರು ಮೂರು ಭಾಷೆಯಲ್ಲಿ ಕೇಳಿಸಿತು. ಅಷ್ಟರಲ್ಲಿ ಅವಳ ಮೇಜಿನ ಫೋನು ಬಡಿದುಕೊಂಡಿತು. ಬೆನ್ನು ತಿರುಗಿಸಿ ಮಾತಿಗೆ ಕೂತಳು.

ಸಫಾರಿಯ ಮನುಷ್ಯ ಮೇಜಿನ ಹತ್ತಿರ ಬಂದ. ಕನಕಮ್ಮನ ತಲೆಯ ಮೇಲಿಂದ ಆ ಕಡೆ ಈ ಕಡೆ ನೋಡಿದ, ಗಡಿಯಾರ ನೋಡಿಕೊಂಡ. ಕೊನೆಯ ಬಾಗಿಲು ತೆರೆಯಿತು, ಜನ ಸಾಲುಗಟ್ಟತೊಡಗಿದರು. ಅವನು ಹೆಗಲಿನ ಚರ್ಮದ ಚೀಲ ಸರಿಮಾಡಿಕೊಂಡು ಹೊರಳಿದ. ಹೊರಳುತ್ತ ತನ್ನಷ್ಟಕ್ಕೆ, "ಎಲ್ಲಿ ಸತ್ತಾನಪ್ಪ ಈ ಡಾಕ್ಟರ್ ಕಡಿ ಮನಶ್ಯಾ," ಎಂದ.

ಅದು ಮಾನ್ವಿಯ ಪಕ್ಕದ ದೇವದುರ್ಗದ ಕಡೆಯ ಮಾತು; ಮುಂಬೈ ಸೇರಿದ್ದರೂ ಬಾಯಿ ಊರಿನದೇ. ಕನಕಮ್ಮ ಅವನ ಮುಂದೆ ಹೋಗಿ ನಿಂತಳು.

"ಮಾನ್ವಿ ವಹೀದ್ ಸಾಹೇಬ್ರು ಕಳಿಸ್ಯಾರ್ರಿ. ನಾನಽ ಬಂದೀನಿ."

ಅವನು ಆಕೆಯನ್ನು ಮೇಲಿಂದ ಕೆಳಗೆ ನೋಡಿದ. "ನೀನಾ? ಒಂದ್ ತಾಸಾತು ನಾ ನಿಂತು. ಕೋಟು ಹಾಕ್ಕೊಂಡ್ ಬಂದವರನ್ನೆಲ್ಲಾ ಕೇಳೀನಿ."

"ನನ್ನ ಕೇಳಲಿಲ್ಲಲ್ರಿ."

ಅವನು ಕೈ ಚಾಚಿದ. ಚೀಟಿ ಇಸಿದುಕೊಂಡು ಓದಿದ, ಮತ್ತೊಮ್ಮೆ ಓದಿದ. "ಇದು ನಿನ್ನ ಕೈಗೆ ಹೆಂಗ ಬಂತಂತ ನಾ ಹೆಂಗ ನಂಬಲಿ? ಏನು ಔಷಧ, ಯಾತಕ್ಕಂತ ಗೊತ್ತದ ಏನು?"

ಹಿಂದಿನಿಂದ ಮದ್ರಾಸಿನವರನ್ನು ಮತ್ತೆ ಕೂಗುತ್ತಿದ್ದರು. ಕನಕಮ್ಮ ಸಾವಕಾಶವಾಗಿ ಹೇಳಿದಳು. ಬೂದು ಪೊರೆಯ ಬಗ್ಗೆ ಹೇಳಿದಳು, ಕುಡಿಸಿದ ಹಾಲು ಮೂಗಿನಿಂದ ಹೊರಗೆ ಬಂದದ್ದನ್ನು ಹೇಳಿದಳು, ನಿನ್ನೆಯಿಂದ ಉಸಿರು ಎಳೆದಾಗ ಕೂಸಿನ ಎದೆಗೂಡು ಒಳಗೆ ಹೋಗುತ್ತಿದೆ ಎಂದಳು. ಶೀಶೆಗೆ ಬಟ್ಟೆ ಸುತ್ತಿದ್ದೀರೋ ಇಲ್ಲವೋ ಎಂದೂ ಕೇಳಿದಳು.

ಜಿಲಾನಿ ಪಾಷಾ ಅಲ್ಲಿಯೇ ನೆಲಕ್ಕೆ ಮಂಡಿಯೂರಿ ಚೀಲ ಬಿಚ್ಚಿದ. ಅಂಗಿಗಳ ನಡುವೆ ಫ್ಲಾಸ್ಕ್ ಮಲಗಿತ್ತು. ಎರಡೂ ಕೈಯಿಂದ ಎತ್ತಿಕೊಟ್ಟ. ಸಾಲಿನ ಕೊನೆಗೆ ಸೇರಿ, ಒಳಗೆ ಹೋಗುವಾಗ ತಿರುಗಿ ಕೂಸಿನ ಹೆಸರೇನೆಂದು ಕೇಳಿದ. ಆಕೆ ಹೇಳಿದಳು. ಕೇಳಿಸಿತೋ ಇಲ್ಲವೋ, ಬಾಗಿಲು ಮುಚ್ಚಿತು.

ಗೌಳಿಗುಡದಲ್ಲಿ ಐಸು ಕೊಂಡು ತುಂಬಿ, ಪುಣ್ಯಕ್ಕೆ ಸಿಕ್ಕ ಬಸ್ಸಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟು ಕೂತಳು. ಮೇಲಿಡಮ್ಮ ಎಂದು ಕಂಡಕ್ಟರ್ ಅಂದರೂ ಇಡಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಕೃಷ್ಣಾ ಸೇತುವೆ ದಾಟುವಾಗ ನೆನಪಾಯಿತು. ರಾಯಚೂರಿನಲ್ಲಿ ದೊಡ್ಡಪ್ಪನ ಜೀಪು ಕಾದಿತ್ತು. ದೊಡ್ಡಪ್ಪ ಫ್ಲಾಸ್ಕ್ ನೋಡಿದವನೇ ಜೀಪು ಹೊರಡಿಸಿದ, ಕೂಸು ಹೇಗಿದೆ ಎಂದು ಕೇಳಲು ಆಕೆ ಹೆದರಿದಳು.

ದವಾಖಾನೆಯ ಮೆಟ್ಟಿಲ ಮೇಲೆ ಕೂಸಿನ ತಾಯಿ ಅಂಬಮ್ಮ ಕೂತಿದ್ದಳು. ಒಳಗಿನಿಂದ ಕೂಸಿನ ಉಸಿರು ಗರಗರ ಕೇಳಿಸುತ್ತಿತ್ತು. ಕೇಳಿಸುತ್ತಿದೆಯಲ್ಲ ಎಂದು ಕನಕಮ್ಮ ನೇರ ಒಳಗೆ ಹೋಗಿ ಫ್ಲಾಸ್ಕನ್ನು ಡಾಕ್ಟರ ಕೈಗಿಟ್ಟಳು. ಡಾಕ್ಟರು ಮೊದಲು ಒಂದು ಹನಿ ಚರ್ಮದಡಿ ಚುಚ್ಚಿ, ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಅರ್ಧ ತಾಸು ಕಾದರು. ಇಡೀ ದಿನದಲ್ಲಿ ಆ ಅರ್ಧ ತಾಸೇ ಉದ್ದವಾಗಿತ್ತು. ಆಮೇಲೆ ಪೂರ್ತಿ ಕೊಟ್ಟರು.

ಮೂರನೆಯ ದಿನ ಪೊರೆ ಬಿಡತೊಡಗಿತು. ಐದನೆಯ ದಿನ ಬಸವಂತಮ್ಮ ಗಂಜಿ ನುಂಗಿದಳು. ತಿಂಗಳೊಪ್ಪತ್ತು ಮೂಗಿನಲ್ಲಿ ಮಾತಾಡಿ, ಕ್ರಮೇಣ ಸರಿಹೋದಳು.

ಕನಕಮ್ಮ ಅದೇ ದವಾಖಾನೆಯಲ್ಲಿ ಉಳಿದಳು. ಎಂಬತ್ತೇಳರಲ್ಲಿ ಇನ್ನೊಂದು ಔಷಧಕ್ಕಾಗಿ ಡಾಕ್ಟರು ಮತ್ತೆ ಮುಂಬೈಗೆ ಫೋನ್ ಹಚ್ಚಿದಾಗ, ಆಕೆ ಕೈಯಲ್ಲಿದ್ದ ಬೇಸಿನ್ ಕೆಳಗಿಟ್ಟು ಮೇಜಿನ ಹತ್ತಿರ ಬಂದು ನಿಂತಳು.

"ಸಾಹೇಬ್ರ, ಬರಾಕಿ ಹೆಣಮಗಳು ಅಂತ ಹೇಳ್ರಿ. ಹಸರು ಸೀರಿ ಉಟ್ಟಿರ್ತಾಳ, ಹೆಸರು ಕನಕಮ್ಮ ಅಂತ ಹೇಳ್ರಿ."

ಡಾಕ್ಟರು ಫೋನಿನಲ್ಲಿ ಅದನ್ನು ಹಾಗೆಯೇ ಹೇಳಿದರು.