ಏಳು ಸ್ಕ್ರೂಗಳ ಜಾಗ

ನಮ್ಮ ಬೀದಿಯ ಹೊಲಿಗೆ ಯಂತ್ರದ ರಿಪೇರಿಯವರನ್ನು ಎಲ್ಲರೂ ಡಾಕ್ಟರು ಎನ್ನುತ್ತಾರೆ. ಮೊದಲು ಹಾಗೆಂದವರು ಅವರೇ. ಮೂವತ್ತು ವರ್ಷಗಳಿಂದ ಅವರದು ಒಂದೇ ಪದ್ಧತಿ. ಬಿಚ್ಚಿದ ಸ್ಕ್ರೂಗಳನ್ನು ಯಂತ್ರದಲ್ಲಿದ್ದ ಆಕಾರದಲ್ಲೇ ಬಟ್ಟೆಯ ಮೇಲೆ ಹರಡಿ, ಜಾಗ ನೆನಪಿಟ್ಟುಕೊಳ್ಳುವುದು. ಬರೆದಿಡುವವರನ್ನು ಕಂಡರೆ ಅವರಿಗೆ ಕನಿಕರ.

ಅವತ್ತು ಮಧ್ಯಾಹ್ನ ದರ್ಜಿಯಮ್ಮ ತಮ್ಮ ಕೆಟ್ಟ ಯಂತ್ರ ತಂದು ಅವರೆದುರಿಗೇ ಕೂತಿದ್ದರು. ಶಾಲೆಯ ಸಮವಸ್ತ್ರಗಳನ್ನು ಸಂಜೆಯೊಳಗೆ ಕೊಡದಿದ್ದರೆ ಆ ಕೆಲಸ ಮುಂದಿನ ವರ್ಷ ಬೇರೆಯವರ ಪಾಲು. ನಾನು ಹರಿದ ಚೀಲದ ನೆಪದಲ್ಲಿ ಹರಟೆಗೆ ಹೋಗಿದ್ದೆ. ಡಾಕ್ಟರು ನನ್ನೊಡನೆ ಹರಟುತ್ತಲೇ ಏಳು ಸ್ಕ್ರೂ ಬಿಚ್ಚಿ ಬಟ್ಟೆಯ ಮೇಲೆ ಹರಡಿದರು.

"ನಕ್ಷೆಯೆಲ್ಲ ಇಲ್ಲಿದೆ," ಎಂದು ಡಾಕ್ಟರು ಹಣೆ ತಟ್ಟಿಕೊಂಡರು. ಆಗಲೇ ಅವರ ಹದಿನಾಲ್ಕರ ಮಗಳು ನೀರು ತಂದಳು. ಲೋಟಕ್ಕೆ ಕೈಚಾಚಿದ ದರ್ಜಿಯಮ್ಮನ ಬ್ಯಾಗು ಬಟ್ಟೆಯನ್ನು ಎಳೆಯಿತು. ಏಳೂ ಸ್ಕ್ರೂ ಒಂದೇ ಗುಡ್ಡೆ!

ಒಂದರ ತಲೆ ಸವೆದಿತ್ತು, ಇನ್ನೊಂದಕ್ಕೆ ತುಕ್ಕು. ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಯಂತ್ರ ಸರಿಯಾಗಿ ಓಡುವಂತಿರಲಿಲ್ಲ. ಡಾಕ್ಟರು ಗಡ್ಡ ಕೆರೆದುಕೊಳ್ಳುವಷ್ಟರಲ್ಲಿ ಮಗಳು ಚಕಚಕನೆ ಏಳನ್ನೂ ಹರಡಿಬಿಟ್ಟಳು.

"ಹೀಗೇ ಇತ್ತಪ್ಪಾ."

"ನೀನು ನೋಡಿದ್ದೇ ಒಂದು ಗಳಿಗೆ! ಈ ಎರಡು ಅದಲುಬದಲು," ಎಂದು ಬದಲಿಸಿ ಬಿಗಿದರು. ಚಕ್ರ ತಿರುಗಿಸಿದರೆ ಯಂತ್ರ ಕೆಮ್ಮಿತು, ದಾರ ಕಡಿಯಿತು.

"ಡಾಕ್ಟ್ರೇ, ನಕ್ಷೆ ತಲೆಕೆಳಗೆ ಹಿಡ್ಕೊಂಡಿದ್ದೀರಾ?" ಎಂದರು ದರ್ಜಿಯಮ್ಮ. ನಗುವಿನಲ್ಲಿ ಅಳು ಬೆರೆತಿತ್ತು. "ಮಗು ಹೇಳಿದ್ ಹಾಗೇ ಹಾಕಿ ನೋಡ್ಬಾರ್ದಾ?"

ಹಾಕಿದರು. ಯಂತ್ರ ಗರಗರನೆ ಓಡಿತು. ದರ್ಜಿಯಮ್ಮ ಅದನ್ನು ಆಟೋಗೆ ಹೇರಿಸಿ ಹೊರಟೇಬಿಟ್ಟರು.

ಡಾಕ್ಟರು ಮಾತ್ರ ಪೆಚ್ಚಾಗಿ ಕೂತರು. "ಎರಡು ವರ್ಷದ ಹಿಂದೆ ಮೂರು ಇಟ್ರೆ ತಬ್ಬಿಬ್ಬಾಗ್ತಿದ್ದೋಳು. ಏನೇ, ಯಾವಾಗ ಬಂತೇ ಇದು?"

"ಗೊತ್ತಿಲ್ಲಪ್ಪಾ. ಕಣ್ಮುಚ್ಚಿದ್ರೂ ಕಾಣ್ಸುತ್ತೆ."

ನಾನು ಗಂಟಲು ಸರಿಮಾಡಿಕೊಂಡೆ. ಕಂಡದ್ದನ್ನು ಜಾಗಸಮೇತ ತುಸು ಹೊತ್ತು ಹಿಡಿದಿಡುವ ಮಿದುಳಿನ ಶಕ್ತಿ ಹರೆಯದುದ್ದಕ್ಕೂ ಸದ್ದಿಲ್ಲದೆ ಬೆಳೆಯುತ್ತದೆಂದೂ, ನಡುವೆ ಬೇರೆ ಮಾತಿಗೆ ಗಮನ ಹರಿದರೆ ದೊಡ್ಡವರಿಗೂ ಅದು ಜಾರುತ್ತದೆಂದೂ ಓದಿದ್ದನ್ನು ಹೇಳಿದೆ.

"ಅಂದ್ರೆ ತಪ್ಪು ನನ್ನ ತಲೇದಾ, ಬಾಯೀದಾ?"

ಎಂದ ಡಾಕ್ಟರು ಇನ್ನೊಂದು ಯಂತ್ರ ಎಳೆದುಕೊಂಡು ಮೊದಲ ಸ್ಕ್ರೂ ಬಿಚ್ಚಿದರು, ಬಟ್ಟೆಯ ಮೇಲಿಟ್ಟರು. ಒಳಗೆ ಹೊರಟಿದ್ದ ಮಗಳತ್ತ ನೋಡದೆಯೇ, ಮೆಲ್ಲಗೆ, "ಸ್ವಲ್ಪ ಇಲ್ಲೇ ಕೂತ್ಕೊಳ್ಳೇ," ಎಂದರು.