ನಿಂತ ಹತ್ತಿಗೆ ಖೋಲಿ ಕಟ್ಟಿದ ಹಾಜಿರಾಬೀ

ಮಸ್ಕಿಯ ಈ ಓಣಿಯಲ್ಲಿ ಇನ್ನೂ ಚಹಾದ ಒಲೆ ಹೊತ್ತಿಲ್ಲ. ಹಾಜಿರಾಬೀ ಮಾತ್ರ ಅಂಗಳದಲ್ಲಿ ಆರಡಿ ಉದ್ದದ ಹೆಡ್‌ಬೋರ್ಡನ್ನು ಗೋಡೆಗೆ ಆನಿಸಿ, ದಕ್ಷಿಣಕ್ಕೆ ಮುಖ ಮಾಡಿಸಿ, ಬಿಸಿಲಿಗಾಗಿ ಕಾಯುತ್ತಿದ್ದಾರೆ. ಮಂಚದ ತಲೆಕಡೆ ನಿಲ್ಲಿಸುವ, ಒರಗಿದರೆ ಬೆನ್ನಿಗೆ ಮೆತ್ತಗೆ ಸಿಗುವ ಹಲಗೆ ಅದು. ಕೆಂಪು ಮಖಮಲ್ಲು, ಮೂವತ್ಮೂರು ಗುಂಡಿ. ಮೊದಲ ಬಿಸಿಲು ಓರೆಯಾಗಿ ಬಿದ್ದಾಗಲೇ ಹತ್ತಿ ಎಲ್ಲಿ ತಗ್ಗಿದೆ, ಎಲ್ಲಿ ಉಬ್ಬಿದೆ ಎಂಬುದು ಕಾಣುತ್ತದಂತೆ. ಹೊತ್ತೇರಿದರೆ ಎಲ್ಲವೂ ಸಮನಾಗಿಯೇ ತೋರುತ್ತದೆ.

ಬಿಸಿಲು ಬೀಳುತ್ತದೆ. ಮಖಮಲ್ಲಿನ ಮೇಲೆ ಹರಿದಾಡುತ್ತಿದ್ದ ಕೈ ಎರಡನೇ ಸಾಲಿನ ನಡುವೆ ನಿಲ್ಲುತ್ತದೆ. ನಮ್ಮ ನಿಮ್ಮ ಕಣ್ಣಿಗೆ ಅಲ್ಲಿ ಏನೂ ಇಲ್ಲ. ಅವರು ಹಲಗೆಯನ್ನು ಗೋಡೆಯಿಂದ ಸರಿಸಿ, ಹಿಂದಕ್ಕೆ ಹೋಗಿ ದಾರ ಸಡಿಲಿಸುತ್ತಾರೆ, ಮುಂದೆ ಬಂದು ಸೂಜಿಯ ತುದಿಯಿಂದ ಒಂದು ಚಿಟಿಕೆ ಹತ್ತಿಯನ್ನು ಅತ್ತ ಸರಿಸುತ್ತಾರೆ, ಮತ್ತೆ ಹೋಗಿ ಬಿಗಿಯುತ್ತಾರೆ. ಅಬ್ಬಾ, ಅಲ್ಲೊಂದು ತಗ್ಗಿತ್ತು ಎಂಬುದು ಅದು ಹೋದ ಮೇಲೆ ತಿಳಿಯುತ್ತದೆ!

ಇವತ್ತು ಆ ಕೈಗೆ ಅನುಮಾನ ತುಸು ಹೆಚ್ಚು. ತಮ್ಮ ಕಿರಿಮಗಳ ಮದುವೆಯ ಮಂಚಕ್ಕೆ ಇದನ್ನು ಹೇಳಿ ಮಾಡಿಸಿರುವ ಜವಳಗೇರಾದ ಶೇಖರಮ್ಮ ತಾವೇ ನೋಡಿ ಒಯ್ಯಲು ಬರುತ್ತಿದ್ದಾರೆ. ನಾಲ್ಕು ವರ್ಷದ ಹಿಂದೆ, ಹಿರಿಮಗಳಿಗೆಂದು ಹಾಜಿರಾಬೀ ಮಾಡಿಕೊಟ್ಟಿದ್ದ ಮೊಟ್ಟಮೊದಲ ಹೆಡ್‌ಬೋರ್ಡನ್ನು ಟಂಟಂ ಗಾಡಿಗೆ ಹೇರಿಸಿ ವಾಪಸ್ ಕಳಿಸಿದವರೂ ಅವರೇ. ಕೆಲಸ ಕೊಡುವ ಸಿಂಧನೂರಿನ ಫರ್ನಿಚರ್ ಅಂಗಡಿಯ ಗಂಗಾಧರ ಈ ಸಲ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ: ಆ ಮನೆಯಿಂದ ಇನ್ನೊಮ್ಮೆ ವಾಪಸ್ ಬಂದರೆ ಹತ್ತಿಯ ಸಹವಾಸ ಸಾಕು, ಫೋಮಿನ ರೆಡಿ ಮಾಲನ್ನೇ ತರಿಸುವುದು.

ಹಾಜಿರಾಬೀಯದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಅಂಗಡಿಗಳಲ್ಲಿ ಫೋಮಿನ ಗಾದಿ ಬಂದ ಮೇಲೆ ಕೇಳುವವರೇ ಇಲ್ಲವಾಗಿ, ಹೆಡ್‌ಬೋರ್ಡಿಗೆ ಕೈ ಹಾಕಿದರು. ಪ್ಲೈವುಡ್ಡಿನ ಮೇಲೆ ಹತ್ತಿ ಹರವಿ, ಬಟ್ಟೆ ಎಳೆದು, ಅಂಚಿಗೆ ಮೊಳೆ ಹೊಡೆದರು. ಚೆಂದವೇ ಇತ್ತು. ನಾಲ್ಕೇ ತಿಂಗಳಲ್ಲಿ ಹತ್ತಿಯೆಲ್ಲ ಕೆಳಗಿಳಿದು ಹಲಗೆಗೆ ಹೊಟ್ಟೆ ಬಂತು, ಅಳಿಯ ಒರಗಿದರೆ ತಲೆಗೆ ಟಣ್ಣನೆ ಕಟ್ಟಿಗೆ! ಬೀಗರ ಮುಂದೆ ಮಾನ ಹೋಯಿತೆಂದು ಶೇಖರಮ್ಮ ಕೆಂಡವಾದರು.

“ಗಾದಿ ಮಲಗಿರತೈತ್ರಿ, ಇದು ನಿಂತಿರತೈತಿ. ಮೂವತ್ತು ವರ್ಷ ಗಾದಿ ಹೊಲಿದಾಕಿಗೆ ಇಷ್ಟು ಹೊಳೀಲಿಲ್ಲ ನೋಡ್ರಿ” ಎಂದು ಹಾಜಿರಾಬೀ ಈಗ ನಗುತ್ತಾರೆ. ಓಣಿಯವರೆಲ್ಲ ನೋಡುತ್ತಿರುವಾಗ ಟಂಟಂ ಬಂದು ಬಾಗಿಲಲ್ಲಿ ನಿಂತ ದಿನ ನಕ್ಕಿರಲಿಲ್ಲ. ನಾಚಿಕೆಯಿಂದ ಎರಡು ದಿನ ಹೊರಗೇ ಬರಲಿಲ್ಲ.

ಶೇಖರಮ್ಮ ಕೊಟ್ಟಿದ್ದ ದುಡ್ಡನ್ನು ಹಿಂತಿರುಗಿಸಿ, ಆ ಹಲಗೆಯನ್ನು ತಮ್ಮದೇ ಮಂಚಕ್ಕೆ ಜೋಡಿಸಿಕೊಂಡರು. ದಿನಾ ಊಟವಾದ ಮೇಲೆ ಒರಗಿ ನೋಡುವುದು, ಹತ್ತಿ ಇಳಿದರೆ ಬಿಚ್ಚುವುದು. ಒಂದು ವರ್ಷದಲ್ಲಿ ಐದು ಸಲ ಬಿಚ್ಚಿ ಕಟ್ಟಿದರು. ಕೊನೆಗೆ ಬಡಗಿಯಿಂದ ಪ್ಲೈವುಡ್ಡಿಗೆ ತೂತು ಹಾಕಿಸಿ, ಗೇಣುದ್ದದ ಸೂಜಿ ಹಿಡಿದು, ಗಾದಿಯ ಹೊಲಿಗೆಯನ್ನೇ ಹಲಗೆಯ ಆಚೆಗೆ ಹಾಯಿಸಿ, ಮುಂದೆ ಗುಂಡಿ ಕೂರಿಸಿ ಹಿಂದೆ ಗಂಟು ಬಿಗಿದರು. ಅಲ್ಲಿಂದ ಹತ್ತಿ ಕದಲಲಿಲ್ಲ.

“ಹತ್ತಿಗೆ ಖೋಲಿ ಕಟ್ಟಿಕೊಟ್ಟೀನ್ರಿ. ಈ ಖೋಲ್ಯಾಗಿಂದು ಆ ಖೋಲಿಗೆ ಹೋಗಂಗಿಲ್ಲ” ಎನ್ನುತ್ತಾರೆ, ಗುಂಡಿ ಗುಂಡಿಯ ನಡುವಿನ ಕೋಣೆಗಳನ್ನು ತೋರಿಸಿ.

ಒಂದಕ್ಕೆ ಎರಡು ದಿನ, ಮೂರು ಕಿಲೋ ಹತ್ತಿ. ಟೇಪು ಹಿಡಿದವರಲ್ಲ, ಗೇಣೇ ಅಳತೆ. ಲಿಂಗಸುಗೂರು, ಬಳಗಾನೂರು ಎಂದು ಇದುವರೆಗೆ ನೂರಾ ನಲವತ್ತು ಮನೆ ಸೇರಿವೆ. ಎಲ್ಲದರ ಮೇಲೂ ಅಂಗಡಿಯ ಚೀಟಿ ಇದೆ, ಮಾಡಿದಾಕೆಯ ಹೆಸರು ಒಂದರ ಮೇಲೂ ಇಲ್ಲ.

ಒಂಬತ್ತಕ್ಕೆ ಶೇಖರಮ್ಮ ಬರುತ್ತಾರೆ. ಚಹಾ ಬೇಡವೆಂದು, ನೇರ ಹೋಗಿ ಕೆಂಪು ಹಲಗೆಯ ಕೆಳಸಾಲಿಗೆ ಮುಷ್ಟಿ ಒತ್ತಿ ನೋಡುತ್ತಾರೆ. ಮೇಲಿನ ಸಾಲಿಗೂ ಒತ್ತುತ್ತಾರೆ. ಹೆಸರಿಡಲು ಒಂದು ಕುಂದೂ ಸಿಗುವುದಿಲ್ಲ. ಆದರೂ ಮುಖ ಸಡಿಲಾಗದು.

“ಹೊಸಾದಿದ್ದಾಗ ಅದೂ ಹಿಂಗ ಇತ್ತಲ್ಲ ಹಾಜಿರಾಬೀ. ನಾಕು ತಿಂಗಳ ಮ್ಯಾಲ?”

ಹಾಜಿರಾಬೀ ಅವರನ್ನು ಒಳಗೆ ಕರೆದೊಯ್ಯುತ್ತಾರೆ. ಮಂಚದ ತಲೆಕಡೆ ನೀಲಿ ಮಖಮಲ್ಲಿನ ಹಲಗೆ, ಅಂಚಿಗೆ ಜರಿ. ಆ ಜರಿಯನ್ನು ಸಿಂಧನೂರಿನಲ್ಲಿ ಆರಿಸಿ ತಂದಿದ್ದವರು ಶೇಖರಮ್ಮನೇ. “ಇದು ನಮ್ಮ ದೊಡ್ಡಾಕಿದಲ್ಲೇನು?” ಎನ್ನುತ್ತ ಮಂಚದ ಮೇಲೆ ಕೂರುತ್ತಾರೆ. ಒರಗುತ್ತಾರೆ. ಮೂರು ವರ್ಷದಿಂದ ಬಿಚ್ಚಿಲ್ಲವೆಂದು ಹಾಜಿರಾಬೀ ಬಾಗಿಲ ಬಳಿಯಿಂದ ಮೆಲ್ಲಗೆ ಹೇಳುತ್ತಾರೆ. ಶೇಖರಮ್ಮ ತಲೆಯನ್ನೂ ಆನಿಸಿ ಕಣ್ಣು ಮುಚ್ಚುತ್ತಾರೆ. ಹಾಜಿರಾಬೀಯ ಕೈ ಮಾತ್ರ ಸೆರಗಿನ ತುದಿಯನ್ನು ಹಿಂಜುತ್ತಲೇ ಇದೆ.

ಬಹಳ ಹೊತ್ತಿನ ಮೇಲೆ ಶೇಖರಮ್ಮ ಏಳುತ್ತಾರೆ. ಕೆಂಪನೆಯದನ್ನು ಗಾಡಿಗೆ ಹೇರಲು ಹೇಳಿ, ನೀಲಿ ಹಲಗೆಯ ಮೇಲೆ ಕೈಯಿಟ್ಟು, “ಇದನ್ನೂ ಹೇರಿಸು. ದೊಡ್ಡಾಕಿಗೆ ಒಯ್ಯತೀನಿ” ಎನ್ನುತ್ತಾರೆ.

“ದೊಡ್ಡಕ್ಕಾರಿಗೆ ಹೊಸಾದು ಮಾಡಿ ಕೊಡ್ತೀನ್ರಿ ಅಮ್ಮಾರ” ಎನ್ನುತ್ತಾರೆ ಹಾಜಿರಾಬೀ. “ಇದನ್ನ ಕೊಡಂಗಿಲ್ರಿ. ಇದು ನಂದು.”